ಹನ್ನೊಂದು ಕ್ವಿಂಟಲ್ಲಿನ ಸಣ್ಣ ಮಶೀನು

ಈ ಸಲ ನಾ ಹೇಳೋದ್ರಾಗ ಒಂದು ಅಕ್ಷರನೂ ಸುಳ್ಳಿಲ್ಲ. ಆಣಿ ಮಾಡಿ ಹೇಳ್ತೀನಿ. ಹೆಂಡ್ತಿ ಮ್ಯಾಲೆ ಆಣಿ ಇಟ್ರ ಆಕಿ ಒಪ್ಪಂಗಿಲ್ಲ, ದೇವರ ಮ್ಯಾಲೆ ಇಟ್ರ ನೀವು ನಂಬಂಗಿಲ್ಲ, ಅದಕ್ಕ ನನ್ನ ಲೇಥ್ ಮಶೀನಿನ ಮ್ಯಾಲೇ ಕೈ ಇಟ್ಟು ಹೇಳ್ತೀನಿ. ನನ್ನಂಥಾ ಸೀದಾ ಮನಷ್ಯಾಗ ಇಂಥಾವೆಲ್ಲಾ ಯಾಕ ಗಂಟು ಬೀಳ್ತಾವೋ ಗೊತ್ತಿಲ್ಲ. ಹಾಲು ತರಾಕ ಹೋದ್ರೂ ಒಂದು ಕಥಿ ತಗೊಂಡು ಬರ್ತೀನಿ. ಎಷ್ಟೋ ಸಲ ಹಾಲು ಮರತು ಕಥಿ ಅಷ್ಟ ತಂದೀನಿ.

ಮೂವತ್ತಾರು ವರ್ಷ ತಳೇಗಾಂವ ದಾಭಾಡೆದ ಒಂದು ಕಾರ್ಖಾನಿಯೊಳಗ ಟರ್ನರ್ ಇದ್ದೆ. ಲೇಥ್ ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ: ಕುಂಬಾರ ಮಣ್ಣು ತಿರಗಸ್ತಾನ, ನಾವು ಕಬ್ಬಿಣ ತಿರಗಸ್ತೀವಿ. ಅಂವ ಬೆರಳಿಲೆ ಒತ್ತಿ ಆಕಾರ ತರ್ತಾನ, ನಾವು ಉಳಿಯಂಥಾ ಟೂಲ್ ಹಚ್ಚಿ ಕೆರದು ತರ್ತೀವಿ. ಕುಂಬಾರಂದು ಕೈತಪ್ಪಿ ಬಿದ್ರ ಗಡಿಗಿ ಒಡೀತದ, ನಮ್ಮದು ಬಿದ್ರ ಕಾಲು ಒಡೀತದ. ಇಷ್ಟ ಫರಕು.

ಮೊನ್ನೆ ಶಿರೂರದಿಂದ ನಮ್ಮ ಬೀಗರು ಬಂದಿದ್ರು, ನಮ್ಮ ಸೊಸಿ ತಂದಿ. ಅಲ್ಲಿ ಕಾಳಿನ ಅಂಗಡಿ ಅದ ಅವರದು. ಭಾಳ ಛಲೋ ಮನಷ್ಯಾ. ಆದ್ರ ಜೋಳ ಕೊಳ್ಳಾಕ ಹೋದ್ರ ಚೀಲದ ಬಾಯಾಗಿನ ಕಾಳು ನೋಡಂಗಿಲ್ಲ, ಮಳಕೈ ತನಕ ಕೈ ಹಾಕಿ ತಳದಾಗಿನ ಕಾಳು ತಗದು ನೋಡೋ ಪೈಕಿ. ಬಿಲ್ಡಿಂಗಿನ ಒಳಗ ಬರೂಮುಂದ ಕೆಳಗ ನಮ್ಮ ಪಾರ್ಕಿಂಗಿನ ಮುಂದ ನಿಂತುಬಿಟ್ರು.

"ಬೀಗರ, ಕಾರ್ ನಿಲ್ಲಸೋ ಜಾಗಾದಾಗ ಇದೇನು ನಿಲ್ಲಿಸೀರಿ?"

"ಮ್ಯಾಲೆ ಬರ್ರಿ, ಕೂಡ್ರಿ, ಹೇಳ್ತೀನಿ," ಅಂದೆ. ಅವರಿಗೆ ಹೇಳಿದ್ದನ್ನ ನಿಮಗೂ ಇದ್ದಂಗ ಹೇಳ್ತೀನಿ.

ಮಿಕ್ಸರು

ರಿಟೈರ್ ಆದ ಮ್ಯಾಲೆ ಮೂರು ತಿಂಗಳದಾಗ ನಮ್ಮ ಮಿಕ್ಸರು ನಾಕು ಸಲ ಬಿಚ್ಚಿದೆ. ಮೊದಲನೇ ಸಲ ಕೆಟ್ಟಿತ್ತು ಅಂತ ಬಿಚ್ಚಿದೆ. ಉಳದ ಮೂರು ಸಲ ನಾ ರಿಪೇರಿ ಮಾಡಿದ್ದೆ ಅಂತ ಬಿಚ್ಚಬೇಕಾತು. ಆಮ್ಯಾಲೆ ಫ್ಯಾನು, ಗ್ಯಾಸಿನ ಲೈಟರು, ನಳ, ಹೆಂಡ್ತಿ ಹೊಲಗಿ ಮಶೀನು. ಹಿಂಗ ಎರಡು ವರ್ಷ ನಡದ ಮ್ಯಾಲೆ ಒಂದಿನ ಆಕಿ ಅಡಗಿಮನಿ ಬಾಗಲದಾಗ ಸೊಂಟಕ್ಕ ಕೈ ಇಟ್ಟು ನಿಂತಳು.

"ಏನ್ರೀ, ಈ ಮನ್ಯಾಗ ನೀವು ಬಿಚ್ಚದ ಉಳದಿದ್ದು ಅಂದ್ರ ಕುಕ್ಕರು ಒಂದು, ನಾ ಒಬ್ಬಾಕಿ. ಎಲ್ಲ್ಯಾರ ಹೊರಗ ಹೋಗಿ ಒಂದು ದೊಡ್ಡ ಕೆಲಸ ಹುಡುಕ್ಕೋರಿ."

ಹುಡುಕಿದೆ. ಹನ್ನೊಂದು ಕ್ವಿಂಟಲ್ ದೊಡ್ಡದು ಸಿಕ್ತು. ಆದ್ರ ಹೆಂಡ್ತಿಗೆ ಒಮ್ಮೆಗೇ ಹೇಳಿದ್ರ ಎದಿಗೆ ಛಲೋ ಅಲ್ಲ. "ಒಂದು ಸಣ್ಣ ಮಶೀನು ತರ್ತೀನಿ, ಸೆಕೆಂಡ್ ಹ್ಯಾಂಡ್. ನಿನ್ನ ಹೊಲಗಿ ಮಶೀನಿನ ಜಾತಿದು. ಅದರಾಗೂ ಚಕ್ರ ತಿರಗತದ, ಇದರಾಗೂ ಚಕ್ರ ತಿರಗತದ," ಅಂದೆ. ಇದು ಸುಳ್ಳೇನ್ರಿ? ಚಕ್ರ ತಿರಗತದೋ ಇಲ್ಲೋ?

ಆಕಿ ಪಾಪ ಭಾಳ ಖುಷಿ ಆದಳು. ಟೀವಿ ಬಾಜೂಕ ಎರಡು ಫೂಟು ಜಾಗಾ ಮಾಡಿದಳು, ಕೆಳಗ ಹಾಸಾಕ ಒಂದು ಸಣ್ಣ ಚಾಪಿ ತಂದಳು. ಧೂಳು ಕೂಡಬಾರದು ಅಂತ ಎಂಟು ದಿನ ಕೂತು ಅದಕ್ಕೊಂದು ಮುಸುಕು ಹೊಲದಳು. ಅಂಚಿಗೆ ಕಸೂತಿ ಬ್ಯಾರೆ, ಆನಿ, ನವಿಲು, ತುಳಸಿಕಟ್ಟಿ.

ಆನಿ ಹಾಕಿದ್ದು ಮಾತ್ರ ಅಂದಾಜು ಬರೋಬ್ಬರಿ ಇತ್ತು.

ಕಿವಿಯ ಪರೀಕ್ಷಾ

ಮಶೀನು ಇದ್ದದ್ದು ತಳೇಗಾಂವದಾಗ, ಒಂದು ಹಳೇ ವರ್ಕ್‌ಶಾಪಿನ್ಯಾಗ. ಮಾಲಕರು ನನಗಿಂತಾ ನಾಕು ವರ್ಷ ದೊಡ್ಡವರು, ಮರಾಠಿ ಮನಷ್ಯಾ, ಕೈ ನಡಗ್ತಿದ್ವು, ಅದಕ್ಕ ಅಂಗಡಿ ಮುಚ್ಚಲಿಕ್ಕತ್ತಿದ್ರು. ಹಳೇ ಕಬ್ಬಿಣ ತೂಕಕ್ಕ ಕೊಳ್ಳೋ ಭಂಗಾರದವರು ಮೂರು ಮಂದಿ ಬಂದಿದ್ರಂತ, ಮೂವರಿಗೂ ಕಸಬರಿಗಿ ತೋರಿಸ್ಯಾರ. ನನ್ನನ್ನೂ ಮ್ಯಾಲಿಂದ ಕೆಳಗ ನೋಡಿದ್ರು.

"ಈ ಮಶೀನಿನ ಹೊಟ್ಟ್ಯಾಗ ಏನು ಬ್ಯಾನಿ ಅದ ಅಂತ ಹೇಳ್ರಿ. ಹೇಳಿದ್ರ ಕೊಡ್ತೀನಿ. ಇಲ್ಲಾಂದ್ರ ಚಹಾ ಕುಡದು ಹೋಗ್ರಿ," ಅಂದ್ರು.

ಚಾಲೂ ಮಾಡ್ರಿ ಅಂದೆ. ಮಶೀನು ಗುಂಯ್ ಅಂತು. ನಾ ಒಂದು ಸ್ಕ್ರೂಡ್ರೈವರ್ ತಗೊಂಡು ಅದರ ತುದಿ ಮಶೀನಿಗೆ ಹಚ್ಚಿದೆ, ಹಿಡಿ ನನ್ನ ಕಿವಿಗೆ ಹಚ್ಚಿದೆ, ಡಾಕ್ಟರು ಎದಿ ನೋಡಿದಂಗ. ಕಣ್ಣು ಮುಚ್ಚಿದೆ. ಬಗ್ಗಿದೆ. ಹತ್ತು ಮಿನಿಟು ಉಸರು ಬಿಡಲಿಲ್ಲ. ಆಮ್ಯಾಲೆ ಎದ್ದು ಹೇಳಿದೆ: "ಮೂರನೇ ಗಿಯರಿನ್ಯಾಗ ಒಂದು ಹಲ್ಲು ಮುರದದ."

ಮಾಲಕರ ಬಾಯಿ ತಗದಿದ್ದು ತಗದಂಗ ಉಳೀತು. "ಇದನ್ನ ನಾ ಯಾರಿಗೂ ಹೇಳಿಲ್ಲ! ಹ್ಯಾಂಗ ತಿಳೀತು ನಿಮಗ?" ಅಂತ ನನ್ನ ಎರಡೂ ಕೈ ಹಿಡಕೊಂಡ್ರು. ಒಳಗಿನಿಂದ ಅವರ ಮನಿಯವರನ್ನ ಕರದು, "ಇವರು ನೋಡು, ಇವರ ಕಿವಿ ನೋಡು" ಅಂತ ತೋರಿಸಿದ್ರು.

ಇಲ್ಲೆ ಬೀಗರು ನನ್ನನ್ನ ತಡದ್ರು. "ಖರೇನ ಕಿವೀಲೆ ತಿಳೀತೇನ್ರಿ ಬೀಗರ?"

ಆಣಿ ಮಾಡೀನಿ, ಸುಳ್ಳು ಹ್ಯಾಂಗ ಹೇಳ್ಲಿ? ಬಗ್ಗಿದಾಗ ನೋಡಿದೆ, ಮುರದ ಹಲ್ಲು ಕೆಳಗ ಎಣ್ಣಿ ತಟ್ಟಿಯೊಳಗ ಬಿದ್ದಿತ್ತು. ಮೂರನೇದು ಅಂತ ತಿಳದದ್ದು ಹ್ಯಾಂಗಂದ್ರ, ಗಿಯರಿನ ಲಿವರು ಮೂರಕ್ಕ ಹೋಗಬಾರದು ಅಂತ ಮಾಲಕರು ತಾವೇ ಒಂದು ದಾರ ಕಟ್ಟಿದ್ರು. ಆದ್ರ ನೋಡೂದಕ್ಕೂ ಬಗ್ಗಬೇಕಲ್ರಿ? ಈ ವಯಸ್ಸಿನ್ಯಾಗ ಅದೇನು ಸಣ್ಣ ಮಾತಾ?

ಹೊರಡೂಮುಂದ ಅವರ ಮನಿಯವರು ಮಶೀನಿಗೆ ಅರಿಷಿಣ ಕುಂಕುಮ ಹಚ್ಚಿದ್ರು. ಒಂದು ಖಣ, ಒಂದು ತೆಂಗಿನಕಾಯಿ, ಐದು ಮುಷ್ಟಿ ಅಕ್ಕಿ ತಂದು ಎಣ್ಣಿ ತಟ್ಟಿಯೊಳಗ ಹಾಕಿ ಅದರ ಉಡಿ ತುಂಬಿದ್ರು. ಮಾಲಕರು ಕಣ್ಣು ಒರಸ್ಕೋತ, "ನಮ್ಮ ಪೋರಿ ಇದು. ಹೊತ್ತಿಗೆ ಸರಿಯಾಗಿ ಎಣ್ಣಿ ಹಾಕ್ರಿ, ಜಗ್ಗಿ ಕೆಲಸ ಹೇಳಬ್ಯಾಡ್ರಿ" ಅಂದ್ರು. ಹಂಗ ನೋಡಿದ್ರ ಅವತ್ತಿನಿಂದ ಅವರೂ ನನಗ ಬೀಗರ ಆದ್ರು.

ನಮ್ಮ ಶಿರೂರ ಬೀಗರಿಗೆ ಇದು ಸ್ವಲ್ಪ ಹತ್ತಿತು. "ಹಂಗಾರ ನಾವೂ ಅವರೂ ಒಂದ ಸಾಲಿನವರೇನ್ರಿ?"

"ಛೇ ಛೇ, ಎಲ್ಲಿದು ಬೀಗರ!" ಅಂದೆ. "ಅವರು ಕಳಿಸೂಮುಂದ ಗಾಡಿ ಬಾಡಿಗಿ ತಾವ ಕೊಟ್ರು."

ಒಳಗ ನನ್ನ ಹೆಂಡ್ತಿಗೆ ಒಮ್ಮೆಲೇ ಕೆಮ್ಮು ಬಂತು.

ಐದು ಕಿಲೋ

ನಮ್ಮ ಬಿಲ್ಡಿಂಗ್ ಇರೋದು ಮಾರ್ಕೆಟ್ ಯಾರ್ಡಿನ ಹಿಂದ, ಕಾಳು, ಉಳ್ಳಾಗಡ್ಡಿ ಮಾರೋ ದೊಡ್ಡ ಸಗಟು ಪ್ಯಾಟಿ ಅದು. ನಾಕು ಮಜಲು, ಹನ್ನೆರಡು ಮನಿ. ಮೊದಲನೇ ಮಜಲಿನ್ಯಾಗ ನಾವು, ಕೆಳಗ ಕಟ್ಟಿಗಿ ಬಾಗಲ ಹಚ್ಚಿದ ನಮ್ಮ ಪಾರ್ಕಿಂಗು. ಅದರಾಗ ಇವತ್ತಿನ ತನಕ ಒಂದು ಕಾರೂ ನಿಂತಿಲ್ಲ, ಯಾಕಂದ್ರ ನಮ್ಮ ಕಡೆ ಕಾರಿಲ್ಲ. ಟ್ರಕ್ಕಿನಿಂದ ಮಶೀನು ಇಳಸಾಕ ಯಾರ್ಡಿನಿಂದ ಆರು ಮಂದಿ ಹಮಾಲರನ್ನ ಕರಕೊಂಡು ಬಂದೆ. ಅವರ ಮುಕಾದಮ ನಮ್ಮ ಯಾದಗಿರಿ ಕಡೆಯಂವ, ಮೀಸಿ ಹಗ್ಗದಷ್ಟು ದಪ್ಪ.

"ಎಪ್ಪಾ, ಎಷ್ಟು ಚೀಲ?"

"ಚೀಲ ಅಲ್ಲೋ ತಮ್ಮಾ, ಮಶೀನು. ಹದಿನಾಲ್ಕು ಕ್ವಿಂಟಲ್."

"ಮೊದಲ ಹನ್ನೊಂದು ಅಂದಿದ್ರಿ," ಅಂದ್ರು ಬೀಗರು.

"ದಾರಿ ಮ್ಯಾಲೆ ಧೂಳು ಕೂತಿತ್ರಿ," ಅಂದು ಮುಂದ ಹೇಳಿದೆ.

ಮುಕಾದಮ ಮಶೀನಿಗೆ ಮೂರು ಸುತ್ತು ಹಾಕಿದ. ತಲಿ ಕೆರಕೊಂಡ. "ಎಪ್ಪಾ, ಚೀಲಕ್ಕ ನಾಕು ಮೂಲಿಗೆ ನಾಕು ಕಿವಿ ಇರ್ತಾವ, ಹಿಡೀತೀವಿ, ಎತ್ತತೀವಿ. ಇದಕ್ಕ ಕಿವಿ ಎಲ್ಲ್ಯದ? ಎಲ್ಲಿ ಮುಟ್ಟಿದ್ರೂ ಒಂದು ಹ್ಯಾಂಡಲ್ ತಿರಗತದ. ಇದು ಮಾಲಲ್ಲ, ಇದು ಕಚಗುಳಿ ಆಗೋ ಪ್ರಾಣಿ."

ನಾ ಮೂವತ್ತಾರು ವರ್ಷ ಕಲತ ವಿದ್ಯಾ ಎಲ್ಲಾ ಹೇಳಿದೆ, ಕೆಳಗ ಪೈಪು ಇಡ್ರಿ, ಉಳ್ಳಸ್ಕೋತ ಒಯ್ಯೋಣು ಅಂತ. ಅಂವ ಕೇಳ್ದ, ತಲಿ ಅಲ್ಲಾಡಿಸಿದ, ಆದ್ರ ಕೈ ಹಚ್ಚಾಕ ಒಲ್ಲ. ಕಡೀಕ ಯಾರ್ಡಿನಿಂದ ಇಪ್ಪತ್ತು ಖಾಲಿ ಗೋಣಿಚೀಲ ತರಿಸಿದ. ಆರೂ ಮಂದಿ ಕೂಡಿ ಮಶೀನಿಗೆ ಸುತ್ತಲೂ ಗೋಣಿಚೀಲ ಸುತ್ತಿ, ಹಗ್ಗ ಬಿಗದು, ದಬ್ಬಣ ಹಾಕಿ ಹೊಲದು, ನಾಕು ಮೂಲಿಗೆ ನಾಕು ಕಿವಿ ಕಟ್ಟಿದ್ರು. ಮುಕಾದಮ ದೂರ ನಿಂತು ನೋಡಿದ.

"ಹಾಂ! ಈಗ ಮಾಲು ಆತು ನೋಡ್ರಿ."

ಅಷ್ಟ ಬೇಕಾಗಿತ್ತು. ಪೈಪಿನ ಮ್ಯಾಲೆ ಮಶೀನು ಮದುಮಗಳು ಬಂದಂಗ ಬಂತು. ಆದ್ರ ಮ್ಯಾಲೆ ಗ್ಯಾಲರಿಯೊಳಗ ನಿಂತವರಿಗೆ ಕಂಡದ್ದೇನು? ಯಾರ್ಡಿನ ಹಮಾಲರು, ಗೋಣಿಚೀಲ, ಹಗ್ಗ. ಆ ವಾರ ಉಳ್ಳಾಗಡ್ಡಿ ಭಾಳ ತುಟ್ಟಿ ಆಗಿತ್ತು. ಎರಡನೇ ಮಜಲಿನ ವೈನಿ ಹಗ್ಗಕ್ಕ ಕೈಚೀಲ ಕಟ್ಟಿ ಕೆಳಗ ಬಿಟ್ಟಳು. "ಕಾಕಾ, ನನಗ ಐದು ಕಿಲೋ!"

ಉಳ್ಳಾಗಡ್ಡಿ ಅಲ್ಲವಾ, ಮಶೀನು ಅಂದೆ. ಯಾರು ನಂಬ್ತಾರ? ನಾ ಪಾರ್ಕಿಂಗಿನ ಬಾಗಲ ಹಾಕೂದ್ರಾಗ ಕೈಚೀಲ ಹಿಡಕೊಂಡು ಎಂಟು ಮಂದಿ ಪಾಳಿ ಹಚ್ಚಿದ್ರು. ಅದರಾಗ ಒಬ್ಬಾಕಿ ಇನ್ನೊಬ್ಬಾಕಿಗೆ ಅಂತಿದ್ದಳು, "ರೇಟು ಏರೋ ತನಕ ಮುಚ್ಚಿ ಇಡ್ತಾನ. ಮುದುಕ ಭಾರಿ ಹುಷಾರ."

ಎಲ್ಲಾರೂ ಹೋದ ಮ್ಯಾಲೆ ನನ್ನ ಹೆಂಡ್ತಿ ಇಳದು ಬಂದಳು, ಕೈಯಾಗ ಆ ಕಸೂತಿ ಮುಸುಕು. ಗೋಣಿಚೀಲ ಬಿಚ್ಚಿದೆ. ಆಕಿ ಮಶೀನಿನ ಈ ತುದಿಯಿಂದ ಆ ತುದಿ ತನಕ ನಡದು ಹೋಗಿ ನೋಡಿದಳು, ಮತ್ತ ನಡದು ವಾಪಸ್ ಬಂದಳು. ಆಮ್ಯಾಲೆ ಮುಸುಕಿನ ಕಡೆ ನೋಡಿದಳು.

"ಏನ್ರೀ, ಇದು ಸಣ್ಣದೇನು?"

"ದೊಡ್ಡದು ನೀ ನೋಡಿಲ್ಲಲ್ಲಾ, ಅದಕ್ಕ ಹಂಗ ಅನಸ್ತದ," ಅಂದೆ.

ಶಾಂಪೂ

ಮಶೀನು ತಂದು ಇಟ್ಟ ಕೂಡ್ಲೇ ಆಗಲಿಲ್ಲ. ನೆಲದ ಮ್ಯಾಲೆ ಅದು ಬರೋಬ್ಬರಿ ಸಮ ನಿಂದ್ರಬೇಕು, ಇಲ್ಲಾಂದ್ರ ಮಾಡಿದ ಮಾಲು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ. ಒಂಬತ್ತು ದಿನ ರಸಮಟ್ಟ ಇಟ್ಟು, ತಗಡಿನ ಚೂರು ಕೆಳಗ ಕೊಟ್ಟು, ಎತ್ತಿ, ಇಳಿಸಿ ಸಮ ಮಾಡಿದೆ. ಈಗ ಹ್ಯಾಂಗ ಅದ ಅಂದ್ರ, ಅದರ ಮ್ಯಾಲೆ ಒಂದು ಇರಬಿ ಬಿಟ್ರ ಯಾವ ಕಡೆ ಇಳಕಲ ಅದ ಅಂತ ತಿಳೀಲಾರದ ನಡುವ ಕೂತುಬಿಡ್ತದ.

ಹತ್ತನೇ ದಿನ ಒಂದು ಕಬ್ಬಿಣದ ಸಳಿ ಹಾಕಿ ಚಾಲೂ ಮಾಡಿದೆ. ಮೊದಲನೇ ಸುರುಳಿ ಬಂತು ನೋಡ್ರಿ, ಜಿಲೇಬಿ ಎಳಿಯಂಗ, ಕಡದುಕೊಳ್ಳದ, ಸರ್ರನ, ನೀಲಿ ಬಣ್ಣದ್ದು. ನನ್ನ ಕೈ ಮರತಿರಲಿಲ್ಲ. ಎರಡು ವರ್ಷ ರೇಶನ್ನು, ಹಾಲು, ಔಷಧದ ಚೀಟಿ ಹಿಡದ ಕೈ, ಹ್ಯಾಂಡಲ್ ಹಿಡದ ಕೂಡ್ಲೇ ಅದಕ್ಕ ಎಲ್ಲಾ ನೆನಪಾತು. ಕಣ್ಣಿಗೆ ಚಷ್ಮಾ ಬೇಕಾತು ಖರೇ, ಕೈಗೆ ಬೇಕಾಗಲಿಲ್ಲ. ಹೆಂಡ್ತಿ ನಿಂತು ನೋಡಿದಳು. ಆ ಸುರುಳಿ ಎತ್ತಿ, "ಬಿಸಿ ಅದರೀ" ಅಂದಳು. ಎಸೀಲಿಲ್ಲ. ಮ್ಯಾಲೆ ತಗೊಂಡು ಹೋದಳು.

ಅಷ್ಟ್ರಾಗ ಖಂಡೇನವಮಿ ಬಂತು. ಆಯುಧ ಪೂಜಾ. ನಾ ಬೆಳಿಗ್ಗೆ ಚೆಂಡು ಹೂ ತರಾಕ ಯಾರ್ಡಿಗೆ ಹೋದೆ. ವಾಪಸ್ ಬರೂದ್ರಾಗ ಪಾರ್ಕಿಂಗಿನ ಬಾಗಲದಿಂದ ನೊರಿ ನೊರಿ ನೀರು ಹರದು ಹೊರಗ ಬರಲಿಕ್ಕತ್ತಿತ್ತು. ಒಳಗ ನನ್ನ ಹೆಂಡ್ತಿ, ಆ ಐದು ಕಿಲೋ ವೈನಿ, ಇಬ್ಬರೂ ಸೆರಗು ಸಿಗಿಸಿಕೊಂಡು, ಬಕೀಟು ಹಿಡಕೊಂಡು, ಮಶೀನಿಗೆ ಎಣ್ಣಿ ಸ್ನಾನ ಮಾಡಿಸಿದಂಗ ತಿಕ್ಕಲಿಕ್ಕತ್ತಿದ್ರು.

"ಎಲ್ಲಾರ ಬೈಕು, ಸೈಕಲ್ಲು, ಕಾರು, ಎಲ್ಲಾ ತೊಳದಾರ. ನಿಮ್ಮದೊಂದು ಹೊಲಸು ಎಣ್ಣಿ ಎಣ್ಣಿ ಕಾಣ್ತಿತ್ತು," ಅಂದಳು ಹೆಂಡ್ತಿ, ಭಾಳ ಹೆಮ್ಮಿಲೆ. "ಶಾಂಪೂ ಹಾಕಿ ತೊಳದೀವಿ. ಎರಡು ಪಾಕೀಟು."

ಒಂಬತ್ತು ದಿನ ಕೂದಲೆಳಿಯಷ್ಟು ಲೆಕ್ಕ ಹಿಡದು ನಿಲ್ಲಿಸಿದ ಮಶೀನು! ನೀರು ಕುಡದು ನಿಂತ್ರ ಸಂಜಿಗೆ ತುಕ್ಕು! ನಾ ಹೂವಿನ ಬುಟ್ಟಿ ಬಿಟ್ಟು ಓಡಿದೆ. ಅರಿವಿ ಸಿಗಲಿಲ್ಲ. ಹಬ್ಬಕ್ಕ ಉಟ್ಟ ಹೊಸ ಧೋತರದ ಸೆರಗಿಲೆ ಒರಸಿದೆ, ಸಂದು ಸಂದಿನ್ಯಾಗ ಬೆರಳು ಹಾಕಿ ಒರಸಿದೆ, ಊದಿದೆ, ಎಣ್ಣಿ ಹಚ್ಚಿದೆ, ಮತ್ತ ಒರಸಿದೆ. ಎರಡು ತಾಸು. ಇಬ್ಬರೂ ಹೆಣ್ಮಕ್ಕಳು ಬಕೀಟು ಹಿಡಕೊಂಡು ನೋಡಿದ್ರು.

ಕಡೀಕ ನನ್ನ ಹೆಂಡ್ತಿ ವೈನಿಗೆ ಮರಾಠಿಯೊಳಗ ಅಂದಳು, "ಲಗ್ನ ಆಗಿ ನಾಲ್ವತ್ತು ವರ್ಷ ಆತು. ನಾ ತಲಿ ತೊಳಕೊಂಡಾಗ ಒಂದಿನಾರ ಹಿಂಗ ಒರಸ್ಯಾರೇನು ಕೇಳು."

ಮೂರನೇ ಮಜಲಿನ ಗುಡುಗು

ಅದ ಪೂಜಾಕ್ಕ ನಮ್ಮ ಸೊಸಾಯಿಟಿ ಚೇರಮನ್ನರೂ ಬಂದ್ರು. ಮೂರನೇ ಮಜಲಿನವರು, ಯಾವುದೋ ಆಫೀಸಿನ್ಯಾಗ ಸಾಹೇಬರಾಗಿ ರಿಟೈರ್ ಆದವರು. ಎರಡು ಪೇಢೆ ತಿಂದ್ರು, ಕೈ ಒರಸ್ಕೊಂಡ್ರು, ಆಮ್ಯಾಲೆ ಮಶೀನು ನೋಡಿದ್ರು. "ಕಾಕಾ, ಇದು ಮಂದಿ ಇರೋ ಸೊಸಾಯಿಟಿ, ಕಾರ್ಖಾನಿ ಅಲ್ಲ," ಅಂದು ಮೂರನೇ ಪೇಢೆ ತಗೊಂಡು ಹೋದ್ರು. ಮರುದಿನ ಬೋರ್ಡಿಗೆ ನೋಟೀಸು ಬಂತು: ಬರೋ ರವಿವಾರ ಮೀಟಿಂಗು, ಪಾರ್ಕಿಂಗಿನ ಮಶೀನು ಇರಬೇಕೋ ಹೋಗಬೇಕೋ ಅನ್ನೋದು ಕೈ ಎತ್ತಿ ತೀರ್ಮಾನ.

ಅವರ ತಕರಾರು ಒಂದ: ಸಪ್ಪಳ. ನಾ ಅಂದೆ, "ನಾಳೆ ಹನ್ನೊಂದಕ್ಕ ನೀವು ನಿಮ್ಮ ಮನ್ಯಾಗ ಕೂಡ್ರಿ, ನಾ ಕೆಳಗ ಚಾಲೂ ಮಾಡ್ತೀನಿ. ನಿಮಗ ಕೇಳಿಸಿದ್ರ ಮೀಟಿಂಗ ಬ್ಯಾಡ, ನಾನ ಭಂಗಾರದವರನ್ನ ಕರೀತೀನಿ."

ಮರುದಿನ ಹನ್ನೊಂದಕ್ಕ ನಾ ಪಾರ್ಕಿಂಗಿಗೆ ಹೋದೆ. ಚಷ್ಮಾ ಮ್ಯಾಲೇ ಮರತಿದ್ದೆ. ತರಾಕ ಮೆಟ್ಟಲ ಹತ್ತಲಿಕ್ಕತ್ತಿದ್ದೆ, ಅಷ್ಟ್ರಾಗ ಮೂರನೇ ಮಜಲಿನಿಂದ ಕೂಗು: "ಬಂದ್ ಕರಾ! ಬಂದ್ ಮಾಡ್ರಿ ಕಾಕಾ! ಗೋಡಿ ನಡಗಲಿಕ್ಕತ್ತಾವ!"

ನಾ ಹಂಗ ಮ್ಯಾಲೆ ಹೋಗಿ ಅವರ ಗಂಟಿ ಬಾರಿಸಿದೆ. ಚೇರಮನ್ನರು ಬಾಗಲ ತಗದ್ರು, ನನ್ನ ನೋಡಿ ಮಾರಿ ಸಣ್ಣದಾತು. "ನೀವು ಇಲ್ಲಿದ್ರ ಕೆಳಗ ಮಶೀನು ನಡಸಲಿಕ್ಕತ್ತವರು ಯಾರು?"

"ಯಾರೂ ಇಲ್ರಿ ಸಾಹೇಬರ."

ಘರ್ರ್ ಅಂತ ಸಪ್ಪಳ ಮಾತ್ರ ನಡದ ಇತ್ತು. ಇಬ್ಬರೂ ಸಪ್ಪಳದ ಹಿಂದ ಹೋದ್ವಿ. ಅಡಗಿಮನ್ಯಾಗ ಅವರ ಮನಿಯವರು ಹಿಟ್ಟಿನ ಮಶೀನು ಹಚ್ಚಿದ್ರು, ಮನಿಯೊಳಗ ಇಡೋ ಸಣ್ಣ ಗಿರಣಿ ಇರ್ತದಲ್ರಿ, ಅದು. ಮಾರಿಗೆಲ್ಲಾ ಜೋಳದ ಹಿಟ್ಟು. "ದಿನಾ ಹನ್ನೊಂದಕ್ಕ ಬೀಸ್ತೀನಿ. ಭಾಕರಿ ಏನು ಮ್ಯಾಲಿಂದ ಬೀಳ್ತಾವೇನು?" ಅಂದ್ರು.

ತಪ್ಪಿದ್ದು ಚೇರಮನ್ನರು, ಸಿಟ್ಟು ಬಂದದ್ದು ನನ್ನ ಮ್ಯಾಲೆ. "ಏನಾರ ಆಗಲಿ, ರವಿವಾರ ಮೀಟಿಂಗ್ ಆಗೂದ!" ಅಂದ್ರು. ಅವರ ಮನಿಯವರು ಮಾತ್ರ ನನಗ ಎರಡು ಬಿಸಿ ಭಾಕರಿ, ಹಸಿಮೆಣಸಿನಕಾಯಿ ಠೇಚಾ ಕಟ್ಟಿ ಕೊಟ್ರು.

ಚೇರಮನ್ನರ ಮನಿಯೊಳಗ ಒಂದು ವೋಟು ಒಡದೆ.

ಟಾಕಿ ಖಾಲಿ

ಆ ವಾರ ನನಗ ಊಟ ಸೇರಲಿಲ್ಲ. ಹನ್ನೆರಡು ಮನಿ, ನನ್ನ ಕಡೆ ಬೆರಳು ಮಡಚಿ ಎಣಿಸಿದ್ರ ಮೂರು. ಅದರಾಗ ಒಂದು ನಮ್ಮದ. ಮೀಟಿಂಗಿನ್ಯಾಗ ಸೋತ್ರ ಭಂಗಾರದವರು ಬರ್ತಾರ, ಅವರು ಹಿಂಗ ಇಡಿಯಾಗಿ ಒಯ್ಯಂಗಿಲ್ರಿ, ಸುತಗಿ ತಗೊಂಡು ಒಡದು ಚೂರು ಮಾಡಿ ಒಯ್ತಾರ. ಆ ಮಾಲಕರ ಪೋರಿ! ಅದು ಹೋದ ಮ್ಯಾಲೆ ನಾ ಯಾರು? ಮತ್ತ ಮಿಕ್ಸರು ಬಿಚ್ಚೋ ಮುದುಕ. ಹೆಂಡ್ತಿಗೂ ಇದು ತಿಳದಿತ್ತು. ಅಡಗಿಮನ್ಯಾಗ ಸಾಮಾನು ಎತ್ತಿ ಎತ್ತಿ ಮ್ಯಾಲಿನ ಫಳಿಗೆ ಇಡಲಿಕ್ಕತ್ತಿದ್ದಳು, ನನ್ನ ಕೈಗೆ ಸಿಗದಂಗ.

ಶನಿವಾರ ಏನಾತು ಕೇಳ್ರಿ. ಬೆಳಿಗ್ಗೆ ಏಳಕ್ಕ ಧಡ್ ಅಂತ ಸಪ್ಪಳಾತು, ಕರೆಂಟ್ ಹೋತು. ನಮ್ಮ ಓಣಿ ಅಷ್ಟ ಅಲ್ಲ, ಸ್ವಾರಗೇಟ್ ಬಸ್ ಸ್ಟ್ಯಾಂಡಿನ ತನಕ ಒಂದು ದೀಪ ಇಲ್ಲ, ಒಂದು ಫ್ಯಾನಿಲ್ಲ. ಗಿರಾಕಿಗೆ ಹಣ್ಣಿನ ರಸ ತಗದು ಕೊಡೋ ಅಂಗಡಿಯವರು ಕೈಲೆ ಹಿಂಡಲಿಕ್ಕತ್ತಿದ್ರು, ಅಂಥಾ ಪರಿಸ್ಥಿತಿ. ಬರೋಬ್ಬರಿ ಅದ ಹೊತ್ತಿನ್ಯಾಗ ನಮ್ಮ ಚೇರಮನ್ನರು ಲಿಫ್ಟಿನ್ಯಾಗ ಇದ್ರು. ಎರಡನೇ ಮಜಲು, ಮೂರನೇ ಮಜಲು, ಎರಡರ ನಡುವ ಲಿಫ್ಟು ನಿಂತುಬಿಡ್ತು. ಹಳೇ ಜಾಳಗಿ ಬಾಗಲದ ಲಿಫ್ಟು. ಎರಡನೇ ಮಜಲಿನಿಂದ ನೋಡಿದ್ರ ಅವರ ಚಪ್ಪಲಿ ಅಷ್ಟ ಕಾಣ್ತಿದ್ವು.

ಇದು ಸಾಲದು ಅಂತ ವಾಚಮನ್ ಓಡಿ ಬಂದ. ನೀರಿನ ಪಂಪು ಕೆಟ್ಟದ, ಮ್ಯಾಲೆ ಟಾಕಿ ಖಾಲಿ! ಅಂವ ಪಂಪು ಬಿಚ್ಚಿ ಒಂದು ಬಳಿಯಂಥಾ ಸಾಮಾನು ಹಿಡಕೊಂಡು ಬಂದಿದ್ದ. ಶಾಫ್ಟು ತಿರಗೂಮುಂದ ಅದರ ಸುತ್ತ ಇರ್ತದಲ್ರಿ, ಬುಶ್ ಅಂತಾರ, ಅದು. ಸವದು ಸವದು ಹಪ್ಪಳ ಆಗಿತ್ತು. ಪಂಪಿನ ಅಂಗಡಿಗೆ ಹೋದ್ರ, "ಇದು ಅಜ್ಜನ ಕಾಲದ ಪಂಪು, ಸಾಮಾನು ಸೋಮವಾರ ಬಂದ್ರ ಬಂತು" ಅಂದ್ರಂತ. ನಾಕನೇ ಮಜಲಿನ್ಯಾಗ ಬ್ಯಾರೆ ಅವತ್ತು ಅರಿಷಿಣ ಹಚ್ಚೋ ಕಾರ್ಯ. ಮದುಮಗಳು ಮೈತುಂಬ ಅರಿಷಿಣ ಹಚ್ಚಿಕೊಂಡು ಕೂತಾಳ, ತೊಳಕೊಳ್ಳಾಕ ಒಂದು ತಂಬಿಗಿ ನೀರಿಲ್ಲ.

ಮೆಟ್ಟಲ ಮ್ಯಾಲೆ ಹನ್ನೆರಡೂ ಮನಿ ಮಂದಿ ಕೂಡಿದ್ರು. ನಾ ಆ ಬುಶ್ ತಿರುವಿ ಮುರುವಿ ನೋಡಿದೆ. "ಇದನ್ನ ನಾ ಮಾಡ್ತೀನಿ," ಅಂದೆ. "ಆದ್ರ ಹಿತ್ತಾಳಿ ಬೇಕು. ದಪ್ಪನ್ನ, ಗಟ್ಟಿ ಹಿತ್ತಾಳಿ. ಈಗ ಎಲ್ಲಿಂದ ತರೂದು?"

ನನ್ನ ಹೆಂಡ್ತಿ ಮ್ಯಾಲೆ ಹೋದಳು. ವಾಪಸ್ ಬಂದಾಗ ಕೈಯಾಗ ಏನಿತ್ತು ಗೊತ್ತೇನ್ರಿ? ಆಕಿ ಖಲಬತ್ತಾ. ತವರಮನಿಯಿಂದ ತಂದದ್ದು, ಯಾಲಕ್ಕಿ ಕುಟ್ಟೋದು. ಅದರ ಹಿತ್ತಾಳಿ ಕೋಲು ನನ್ನ ಕೈಯಾಗ ಇಟ್ಟಳು.

"ನಿಮ್ಮವ್ವಂದಲ್ಲ ಇದು?" ಅಂದೆ.

"ಹೂಂ. ಕೆಡಸಿದ್ರ ನೋಡ್ರಿ ಮತ್ತ," ಅಂದಳು. "ಒಂದ ಅದ."

ಹೋದೆ. ಕೋಲು ಮಶೀನಿಗೆ ಕಟ್ಟಿದೆ. ಸ್ವಿಚ್ ಒತ್ತಿದೆ. ಮಶೀನು ಗುಂಯ್ ಅಂತು. ಹಿತ್ತಾಳಿ ಪುಡಿ ಬಂಗಾರದ ಮಳಿ ಬಿದ್ದಂಗ ಬೀಳಲಿಕ್ಕತ್ತಿತು. ಅಷ್ಟ್ರಾಗ ಮ್ಯಾಲೆ ಲಿಫ್ಟಿನ್ಯಾಗಿಂದ ಚೇರಮನ್ನರ ದನಿ, ಪಾಪ ರೂಢಿ ಬಿದ್ದಿತ್ತು: "ಬಂದ್ ಕರಾ! ಬಂದ್ ಕರಾ ಕಾಕಾ!"

ಅವರ ಮನಿಯವರು ಜಾಳಗಿ ಬಾಗಲ ಬಡದು ಒದರಿದ್ರು, "ಸುಮ್ಮನ ಕೂಡ್ರಿ! ನಮ್ಮ ನೀರಿನ ಸಲುವಾಗಿ ನಡದದ ಅದು!"

ಆಮ್ಯಾಲೆ ಅದ ಲಿಫ್ಟಿನ್ಯಾಗಿಂದ, ಅದ ದನಿ: "ಚಾಲೂ ಠೇವಾ ಕಾಕಾ! ಚಾಲೂ ಇಡ್ರಿ!" ನಾ ಅಳತಿ ನೋಡಾಕ ಮಶೀನು ನಿಲ್ಲಿಸಿದ್ರ ಸಾಕು, ಮ್ಯಾಲಿಂದ ಚಪ್ಪಲಿ ಬಡಿಯೋ ಸಪ್ಪಳ. "ಯಾಕ ನಿಂತಿರಿ? ಏನಾತು? ಚಾಲೂ ಮಾಡ್ರಿ!"

ಮುಕ್ಕಾಲು ತಾಸಿನ್ಯಾಗ ಬುಶ್ ತಯಾರ. ಅಂಗೈಮ್ಯಾಲೆ ಇಟ್ಕೊಂಡು ಬಂದೆ, ಇನ್ನೂ ಬೆಚ್ಚಗಿತ್ತು. ಸುತಗಿ ಬೇಕಾಗಲಿಲ್ರಿ. ಹೆಬ್ಬೆಟ್ಟಿಲೆ ಒತ್ತಿದೆ, 'ಟಪ್' ಅಂತ ಕೂತಿತು, ಅಲ್ಲೇ ಹುಟ್ಟಿದಂಗ. ವಾಚಮನ್ ಪಂಪಿನ ಬಟನ್ ಒತ್ತಿದ. ಟಾಕಿಯೊಳಗ ನೀರು ಬಿದ್ದ ಸಪ್ಪಳ ನಾಕು ಮಜಲು ದಾಟಿ ಕೆಳಗ ಕೇಳ್ತು. ಮದುಮಗಳ ಅವ್ವ ನನ್ನ ಕಾಲಿಗೆ ಬಿದ್ದಳು, ನಾ ಬ್ಯಾಡವಾ ಬ್ಯಾಡ ಅಂದೆ.

ಮೀಟಿಂಗಿಗೆ ರವಿವಾರದ ತನಕ ಯಾರು ಕಾಯ್ತಾರ? ಅಲ್ಲೇ ಮೆಟ್ಟಲ ಮ್ಯಾಲೆ ಮೀಟಿಂಗ್ ಆತು. ಚೇರಮನ್ನರು ಲಿಫ್ಟಿನ್ಯಾಗ ಕೂತು ಒಂದೊಂದು ಶಬ್ದ ಹೇಳಿದ್ರು, ಸೆಕ್ರೆಟರಿ ಆ ನೋಟೀಸಿನ ಹಿಂಬದಿಗೆ ಬರಕೊಂಡ: "ಕಾಕಾರ ಮಶೀನು ಇದ್ದಲ್ಲೇ ಇರತಕ್ಕದ್ದು, ಯಾರೂ ತಕರಾರು ಮಾಡತಕ್ಕದ್ದಲ್ಲ." ಹನ್ನೆರಡೂ ಮನಿಯವರು ಕೈ ಎತ್ತಿದ್ರು. ಜಾಳಗಿ ಸಂದಿನ್ಯಾಗಿಂದ ಚೇರಮನ್ನರ ಐದು ಬೆರಳು ಹೊರಗ ಬಂದ್ವು. ಆ ಕಡೆ ಎಲ್ಲಾರ ನಳದಾಗ ನೀರು, ಈ ಕಡೆ ನನ್ನ ಕಣ್ಣಾಗ ನೀರು. ಕರೆಂಟ್ ಬಂದು ಚೇರಮನ್ನರು ಹೊರಗ ಬಂದದ್ದು ಸಂಜಿ ಆರಕ್ಕ. ಬಂದವರ ಸೀದಾ ನನ್ನ ಅಪ್ಪಿಕೊಂಡ್ರು.

ಇಷ್ಟು ಹೇಳಿ ನಾ ಕುರ್ಚಿಗೆ ಒರಗಿದೆ. ಬೀಗರು ಕಪ್ಪಿನ ತಳದಾಗಿನ ಚಹಾ ನೋಡ್ಕೋತ ಕೂತಿದ್ರು. ಇವರಿಗೂ ಮನಸ್ಸು ತುಂಬಿ ಬಂದದ ಅಂತ ತಿಳಕೊಂಡೆ.

"ಬೀಗರ," ಅಂದ್ರು ಮೆತ್ತಗ, "ಲಿಫ್ಟು ನಿಂತದ್ದು ಕರೆಂಟ್ ಹೋಗಿ ಅಲ್ರಿ?"

"ಹೌದ್ರಿ ಮತ್ತ! ಸ್ವಾರಗೇಟ್ ತನಕ!"

"ಸಂಜಿ ಆರರ ತನಕ ಬರಲಿಲ್ಲ?"

"ಒಂದು ಕ್ಷಣನೂ ಬರಲಿಲ್ರಿ."

"ಹಂಗಾರ," ಕಪ್ಪು ಕೆಳಗ ಇಟ್ರು, "ನಿಮ್ಮ ಮಶೀನು ಯಾವುದರ ಮ್ಯಾಲೆ ತಿರಗಿತ್ರಿ?"

ಒಳಗ ಅಡಗಿಮನ್ಯಾಗ ಒಂದು ತಾಟು ಬಿದ್ದ ಸಪ್ಪಳಾತು. ಅದರ ಹಿಂದ ನನ್ನ ಹೆಂಡ್ತಿ ನಗೋ ಸಪ್ಪಳ. ನಾ ಗೋಡಿ ಗಡಿಯಾರದ ಕಡೆ ನೋಡಿದೆ.

"ಏ, ಕೇಳ್ತೇನು?" ಅಂತ ಒಳಗ ಕೂಗಿದೆ. "ಬೀಗರ ಕೈಚೀಲ ತಾ ಇಲ್ಲೆ. ಶಿರೂರ ಬಸ್ಸಿನ ಹೊತ್ತಾತು."